ಹಕ್ಕಿ ಕಾಲಿನ ಬಳಿ: ಕ್ಯಾಸನೂರಿನ ಕಾಡಿನಿಂದ ಸವದತ್ತಿಯ ಹಿನ್ನೀರಿನ ತನಕ

ಕೇಳೋಕೆ ಪುರುಸೊತ್ತು ಇಲ್ಲದವರು ಓದಲಿ ಅಂತ ಮಾತನ್ನ ಹಾಗೇ ಬರಹಕ್ಕೆ ಇಳಿಸಿದ್ದೇವೆ. ಅಲ್ಲಲ್ಲಿ ಬಾಯಿಮಾತು ಉಳಿದಿದೆ, ಹೊಂದಿಸಿಕೊಳ್ಳಿ.

ಹೋದ ತಿಂಗಳು ನಮಗೆ ಒಂದು ವಾಯ್ಸ್ ಮೆಸೇಜ್ ಬಂತು. ಸವದತ್ತಿ ಕಡೆಯ ಒಬ್ಬ ಕಾಕಾ. ನವಿಲುತೀರ್ಥ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರು. ಅವರು ಹೇಳಿದ್ದನ್ನ ಅವರ ಮಾತಿನಲ್ಲೇ ಹೇಳ್ತೀನಿ: "ತಮ್ಮಾ, ಬಲಿಯೊಳಗ ಒಂದು ಬಿಳೀ ಹಕ್ಕಿ ಸಿಕ್ಕೊಂಡಿತ್ತು. ಕಾಲಾಗ ಬಳಿ ಇತ್ತು, ಬಳಿ ಮ್ಯಾಲ ಏನೋ ಬರದಿತ್ತು. ನಾ ಬಲಿ ಬಿಡಿಸಿ ಹಾರಿಸಿಬಿಟ್ಟೆ. ನಮ್ಮ ಹುಡುಗ, ಪೊಲೀಸರಿಗೆ ಹೇಳಬೇಕಿತ್ತು, ಅದು ಬ್ಯಾರೆ ದೇಶದ್ದು ಇದ್ದೀತು ಅಂತಾನ. ತೆಪ್ಪು ಮಾಡಿದೆನೇನು ನಾನು?"

ತಪ್ಪೇನೂ ಮಾಡಿಲ್ಲ ಕಾಕಾ. ಆದರೆ ನಿಮ್ಮ ಪ್ರಶ್ನೆಯೊಳಗೆ ಇನ್ನೂರು ವರ್ಷದ ಕಥೆ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಕರ್ನಾಟಕದಲ್ಲೇ. ನಿಮ್ಮ ಹುಡುಗನ ಅನುಮಾನವೂ ಹೊಸದಲ್ಲ, ದಿಲ್ಲಿಯ ಸಂಸತ್ತಿನವರೆಗೂ ಹೋಗಿ ಬಂದದ್ದು ಅದು.

ಮೊದಲು ಒಂದು ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಿನವರಿಗೆ ಸಮುದ್ರ ಅಂದರೆ ಗೋವಾ ಟ್ರಿಪ್ಪಿನ ಮಾತು. ನಮ್ಮ ಮಲಪ್ರಭೆಗೂ ಹಾಗೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನ ಸೇರುವ ಹೊಳೆ ಇದು. ಆದರೂ ಹಿನ್ನೀರಿನ ಮೇಲೆ ರೀವ ಹಕ್ಕಿ, ಅಂದರೆ ಟರ್ನ್, ಹಾರಾಡುವುದನ್ನ ಮೀನುಗಾರರು ದಿನಾ ನೋಡ್ತಾರೆ. ಇಡೀ ಜನ್ಮ ಹೊಳೆ ಮೇಲೇ ಕಳೆಯುವ ರೀವಗಳೂ ಇವೆ, ಕಡಲನ್ನೇ ಮನೆ ಮಾಡಿಕೊಂಡ ರೀವಗಳೂ ಇವೆ. ಎರಡೂ ಒಂದೇ ಮನೆತನ. ಹಾಗಾಗಿ ಕಡಲಹಕ್ಕಿಯ ಕಥೆ ನಮಗೆ ಪೂರ್ತಿ ಪರಕೀಯ ಅಲ್ಲ.

ಈಗ ಹಿಂದಕ್ಕೆ ಹೋಗೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಥ್ಯಾಕರೆ ಸತ್ತ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೆ ಎರಡು ವರ್ಷ ಮೊದಲು, 1822ರಲ್ಲಿ, ಜರ್ಮನಿಯ ಕ್ಲ್ಯೂಟ್ಸ್ ಅನ್ನುವ ಊರಿನ ಹತ್ತಿರ ಯಾರೋ ಒಂದು ಕೊಕ್ಕರೆಯನ್ನ ಗುಂಡು ಹಾಕಿ ಕೆಡವಿದರು. ಬಿದ್ದ ಕೊಕ್ಕರೆಯ ಕುತ್ತಿಗೆಯಲ್ಲಿ ಒಂದು ಉದ್ದನೆಯ ಈಟಿ ನಾಟಿಕೊಂಡಿತ್ತು. ಅದರ ಕಟ್ಟಿಗೆ, ಮಾಡಿದ ರೀತಿ ನೋಡಿದರೆ ಆಫ್ರಿಕದ್ದು. ಅಂದರೆ ಆಫ್ರಿಕದಲ್ಲಿ ಈಟಿ ತಿಂದ ಹಕ್ಕಿ, ಕುತ್ತಿಗೆಯಲ್ಲಿ ಅದನ್ನ ಹೊತ್ತುಕೊಂಡೇ ಜರ್ಮನಿಯವರೆಗೆ ಹಾರಿ ಬಂದಿತ್ತು. ಆ ಕೊಕ್ಕರೆಯನ್ನ ರಾಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಇಟ್ಟಿದ್ದಾರೆ.

ಇದು ಯಾಕೆ ಮುಖ್ಯ ಅಂದರೆ, ಅಲ್ಲಿಯತನಕ ಚಳಿಗಾಲದಲ್ಲಿ ಹಕ್ಕಿ ಎಲ್ಲಿಗೆ ಹೋಗ್ತವೆ ಅನ್ನೋದೇ ಯುರೋಪಿನವರಿಗೆ ನೆಟ್ಟಗೆ ಗೊತ್ತಿರಲಿಲ್ಲ. ಅಂಬರಗುಬ್ಬಿಗಳು ಕೆರೆಯ ಕೆಸರಿನಲ್ಲಿ ಹೂತುಕೊಂಡು ಮಲಗ್ತವೆ ಅಂತ ನಂಬಿದ್ದ ಪಂಡಿತರಿದ್ದರು. ಒಂದು ಜಾತಿಯ ಹಕ್ಕಿ ಚಳಿಗಾಲಕ್ಕೆ ಇನ್ನೊಂದು ಜಾತಿ ಆಗಿಬಿಡುತ್ತೆ ಅಂತ ಅರಿಸ್ಟಾಟಲನೇ ಬರೆದಿದ್ದ. ಈಟಿ ಹೊತ್ತ ಕೊಕ್ಕರೆ ಒಂದು ವಿಳಾಸ ಹೊತ್ತು ತಂದಂತಾಯಿತು. ಆದರೆ ಪ್ರತಿ ಹಕ್ಕಿಗೂ ಈಟಿ ಹೊಡೆದು ಕಳಿಸೋಕೆ ಆಗುತ್ತಾ?

ಅದಕ್ಕೆ ಉತ್ತರ ಕೊಟ್ಟವರು ಒಬ್ಬ ಸಾಲಿ ಮಾಸ್ತರು. ಡೆನ್ಮಾರ್ಕಿನ ವೀಬೋರ್ ಊರಿನ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್. 1890ರಲ್ಲಿ ಸ್ಟಾರ್ಲಿಂಗ್ ಹಕ್ಕಿಗಳಿಗೆ ಸತುವಿನ ಉಂಗುರ ಹಾಕಿ ನೋಡಿದರು. ಭಾರ ಆಯ್ತು, ಬಿಟ್ಟರು. ಆಗ ಅಲ್ಯೂಮಿನಿಯಂ ಅನ್ನೋದು ಹೊಸದಾಗಿ ಅಗ್ಗ ಆಗ್ತಿದ್ದ ಲೋಹ. 1899ರಲ್ಲಿ ಅದರ ತೆಳು ಪಟ್ಟಿ ಕತ್ತರಿಸಿ, ಊರ ಹೆಸರು ಮತ್ತು ಒಂದೊಂದು ನಂಬರು ಒತ್ತಿ, 165 ಸ್ಟಾರ್ಲಿಂಗ್‌ಗಳ ಕಾಲಿಗೆ ತೊಡಿಸಿ ಬಿಟ್ಟರು. ಅಷ್ಟೇ. ಇಡೀ ಜಗತ್ತಿನಲ್ಲಿ ಇವತ್ತು ನಡೆಯುವ ಹಕ್ಕಿ ಬಳಿ ಕೆಲಸದ ಮೂಲ ಅದು. ನಂಬರು ಇದೆ, ಊರಿದೆ, ಸಿಕ್ಕವರು ತಿಳಿಸಿ. ಈ ಕೊನೆಯ ಎರಡು ಶಬ್ದದ ಮೇಲೆ ಎಲ್ಲಾ ನಿಂತಿದೆ ನೋಡಿ. ಸಿಕ್ಕವರು ಬಾಯಿ ಮುಚ್ಚಿಕೊಂಡರೆ ಆ ಬಳಿ ಬರೀ ತಗಡು.

ಬಾಯಿ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಒಂದು ಅಂಬರಗುಬ್ಬಿಗೆ ಬಳಿ ಹಾಕಿದ್ದರು. 1912ರ ಡಿಸೆಂಬರ್‌ನಲ್ಲಿ ಅದು ದಕ್ಷಿಣ ಆಫ್ರಿಕದ ನಟಾಲ್‌ನ ಒಂದು ತೋಟದ ಮನೆಯಲ್ಲಿ ಸಿಕ್ಕಿತು. ಅಲ್ಲಿಂದ ಯಾರೋ ಒಂದು ಕಾಗದ ಬರೆದರು. ಆ ಒಂದು ಕಾಗದದಿಂದ, ಇಂಗ್ಲೆಂಡಿನ ಅಂಬರಗುಬ್ಬಿ ಚಳಿಗಾಲ ಕಳೆಯುವುದು ಆಫ್ರಿಕದ ಆ ತುದಿಯಲ್ಲಿ ಅಂತ ಮೊದಲ ಬಾರಿ ಖಚಿತವಾಯಿತು. ಅದೇ ಜಾತಿಯ ಹಕ್ಕಿ ನಮ್ಮ ಬೈಲಹೊಂಗಲದ ಹೊಲದ ಕರೆಂಟ್ ತಂತಿ ಮೇಲೆ ಚಳಿಗಾಲದಲ್ಲಿ ಸಾಲಾಗಿ ಕೂರುತ್ತವೆ. ಇವು ಬೇರೆ ದಾರಿಯವು, ಉತ್ತರದ ಕಡೆಯಿಂದ ಬರುವವು.

ನಮ್ಮ ದೇಶದಲ್ಲಿ ಈ ಕೆಲಸ ಶುರುವಾದದ್ದು 1927ರಲ್ಲಿ, ಮಧ್ಯ ಭಾರತದ ಧಾರ್ ಸಂಸ್ಥಾನದಲ್ಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಎಲ್ಲರೂ ಬಿಎನ್‌ಎಚ್‌ಎಸ್ ಅಂತಾರೆ, ಅಲ್ಲಿಯ ಮಹಾರಾಜರ ಜೊತೆ ಸೇರಿ ಬಾತುಕೋಳಿಗಳಿಗೆ ಬಳಿ ಹಾಕಿಸಿತು. ಮಹಾರಾಜರಿಗೆ ಬಾತುಕೋಳಿ ಅಂದರೆ ಶಿಕಾರಿ, ಸೊಸೈಟಿಗೆ ಅಂದರೆ ಲೆಕ್ಕ. ಇಬ್ಬರ ಆಸಕ್ತಿಯೂ ಒಂದೇ ಕೆರೆಯಲ್ಲಿ ಕೂಡಿತು. ನಮ್ಮ ರಾಮದುರ್ಗವೂ ಆಗ ಸಂಸ್ಥಾನವೇ, ಆದರೆ ಬಳಿಯ ಚರಿತ್ರೆಯಲ್ಲಿ ಅದರ ಹೆಸರು ಬರುವುದಿಲ್ಲ. ಬಂದಿದ್ದರೆ ನನಗೆ ಈ ಸಂಚಿಕೆ ಮಾಡೋದು ಸುಲಭ ಆಗ್ತಿತ್ತು!

ಅದಾದ ಮೇಲೆ ಮೂವತ್ತು ವರ್ಷ ದೊಡ್ಡದೇನೂ ಆಗಲಿಲ್ಲ. ಆಮೇಲೆ ಬಂತು 1957.

ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಕ್ಯಾಸನೂರು ಅನ್ನುವ ಕಾಡು. ಆ ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಮುಸಿಯ, ಕೆಂಪು ಮಂಗ ಎರಡೂ. ಅದೇ ಹೊತ್ತಿಗೆ ಸೊಪ್ಪು, ಸೌದೆಗೆ ಅಂತ ಕಾಡಿಗೆ ಹೋಗಿ ಬಂದ ಜನಕ್ಕೆ ಜ್ವರ. ಸಾದಾ ಜ್ವರ ಅಲ್ಲ. ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಜನ ಅದಕ್ಕೆ ಮಂಗನ ಕಾಯಿಲೆ ಅಂತ ಹೆಸರಿಟ್ಟರು, ಪುಸ್ತಕದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಅಂತಾಯಿತು. ಇವತ್ತಿಗೂ ಕಾಯಿಲೆ ಬಂದ ನೂರು ಮಂದಿಯಲ್ಲಿ 3ರಿಂದ 5 ಜನ ಸಾಯ್ತಾರೆ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಮಂಗ ಸಾಯ್ತಿವೆ ಅಂದ ಕೂಡಲೇ ಅವರಿಗೆ ಬಂದ ಮೊದಲ ಭಯ, ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಬಂತಾ ಅಂತ. ಅದಲ್ಲ ಅಂತ ತಿಳಿಯಿತು. ಹರಡುವುದು ಸೊಳ್ಳೆಯಲ್ಲ, ಉಣ್ಣಿ ಅಂತ ಗೊತ್ತಾಯಿತು. ಆದರೆ ವೈರಸ್ಸನ್ನ ಪರೀಕ್ಷೆ ಮಾಡಿ ನೋಡಿದಾಗ ಎಲ್ಲರೂ ಬೆಚ್ಚಿದರು. ಅದರ ಹತ್ತಿರದ ಸಂಬಂಧಿಕ ಇದ್ದದ್ದು ಸಾವಿರಾರು ಕಿಲೋಮೀಟರು ದೂರದ ರಷ್ಯಾದಲ್ಲಿ, ಅಲ್ಲಿನ ಕಾಡಿನ ಮಿದುಳು ಜ್ವರದ ವೈರಸ್ಸು. ಸೈಬೀರಿಯಾಕ್ಕೂ ಸೊರಬಕ್ಕೂ ಏನು ಸಂಬಂಧ?

ನಡುವೆ ಓಡಾಡುವುದು ಒಂದೇ: ಹಕ್ಕಿ. ಸೈಬೀರಿಯಾದಿಂದ ಪ್ರತಿ ವರ್ಷ ನಮ್ಮ ಕಡೆ ಬರ್ತವೆ, ರೆಕ್ಕೆಯ ಸಂದಿಯಲ್ಲಿ ಉಣ್ಣಿ ಇರ್ತವೆ. ಹಾಗಾದರೆ ಕಾಯಿಲೆ ತಂದದ್ದು ಹಕ್ಕಿಯಾ? ಇದನ್ನ ತಿಳಿಯಬೇಕಾದರೆ ಯಾವ ಹಕ್ಕಿ ಎಲ್ಲಿಂದ ಬರುತ್ತೆ ಅಂತ ಗೊತ್ತಿರಬೇಕು. ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬಿಎನ್‌ಎಚ್‌ಎಸ್‌ನ ಸಲೀಂ ಅಲಿಯವರನ್ನ ಕೇಳಿತು. ಸಲೀಂ ಅಲಿ ಇಂಥ ಅವಕಾಶಕ್ಕೇ ಕಾಯ್ತಿದ್ದರು ಅಂದರೂ ತಪ್ಪಿಲ್ಲ. ಹಕ್ಕಿಗಳ ವಲಸೆ ಬಗ್ಗೆ ದೊಡ್ಡ ಪ್ರಮಾಣದ ಕೆಲಸ ಮಾಡಬೇಕು ಅನ್ನೋದು ಅವರ ಹಳೇ ಆಸೆ, ದುಡ್ಡಿರಲಿಲ್ಲ. 1959ರಲ್ಲಿ ಯೋಜನೆ ಶುರುವಾಯಿತು. ನಮ್ಮ ಮಲೆನಾಡಿನ ಒಂದು ಜ್ವರದಿಂದ ದೇಶದ ಹಕ್ಕಿ ವಲಸೆಯ ಅಧ್ಯಯನ ಹುಟ್ಟಿತು ಅಂತ ನಾನು ಹೇಳಿದರೆ ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ನಡೆದದ್ದು ಹೆಚ್ಚುಕಮ್ಮಿ ಹಾಗೇ.

ಕೆಲಸ ಹೇಗೆ ನಡೀತಿತ್ತು ಅಂದರೆ, ತೆಳು ನೂಲಿನ ಬಲೆ ಕಟ್ಟೋದು, ಸಿಕ್ಕ ಹಕ್ಕಿಯನ್ನ ಬಟ್ಟೆ ಚೀಲದಲ್ಲಿ ಹಾಕೋದು, ತೂಕ ನೋಡೋದು, ರೆಕ್ಕೆ ಅಳೆಯೋದು, ಉಣ್ಣಿ ಇದ್ದರೆ ಚಿಮಟದಿಂದ ತೆಗೆದು ಸೀಸೆಗೆ ಹಾಕೋದು, ಒಂದು ತೊಟ್ಟು ರಕ್ತ ತೆಗೆಯೋದು, ಆಮೇಲೆ ಕಾಲಿಗೆ ಬಳಿ ಹಾಕಿ ಬಿಡೋದು. ಬಳಿ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಅಂತ ಇಂಗ್ಲಿಷಿನಲ್ಲಿ ಚುಟುಕಾಗಿ, ಜೊತೆಗೆ ನಂಬರು. ರಷ್ಯಾದವರ ಬಳಿ ಮೇಲೆ ಮಾಸ್ಕೋ ಅಂತ. ಇಲ್ಲಿ ಬಳಿ ಹಾಕಿದ ಹಕ್ಕಿ ಅಲ್ಲಿ, ಅಲ್ಲಿ ಹಾಕಿದ್ದು ಇಲ್ಲಿ ಸಿಗತೊಡಗಿದವು. ಇದನ್ನ ತಿಳಿಸಿದವರು ಬಹುಪಾಲು ಬೇಟೆಗಾರರು, ಮೀನುಗಾರರು, ರೈತರು. ಬಳಿಯ ವಿಜ್ಞಾನ ಬೆಳೆದದ್ದು ಬಂದೂಕಿನವರಿಂದ ಅನ್ನೋದು ಕೇಳೋಕೆ ಕಹಿ, ಆದರೆ ನಿಜ.

ಕೊನೆಗೆ ಹಕ್ಕಿಯೇ ತಂದದ್ದು ಅಂತ ಸಾಬೀತಾಯಿತಾ? ಇಲ್ಲ. ಸೈಬೀರಿಯಾದ ಹಕ್ಕಿ ಕ್ಯಾಸನೂರಿಗೆ ಕಾಯಿಲೆ ತಂದಿತು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ವೈರಸ್ಸು ಇಲ್ಲಿನ ಕಾಡಿನಲ್ಲೇ, ಇಲ್ಲಿನ ಉಣ್ಣಿ, ಇಲಿ, ಹೆಗ್ಗಣಗಳಲ್ಲೇ ಇತ್ತು, ಕಾಡು ಕಡಿದು ದನ, ಜನ ಒಳಗೆ ಹೋದಾಗ ಎದುರಾಯಿತು ಅನ್ನುವ ಕಡೆ ಹೆಚ್ಚಿನವರ ಮಾತು ವಾಲಿತು. 1990ರ ದಶಕದಲ್ಲಿ ಇದರ ಇನ್ನೊಬ್ಬ ಹತ್ತಿರದ ಬಂಧು ಸೌದಿ ಅರೇಬಿಯಾದಲ್ಲಿ ಸಿಕ್ಕಾಗ ದಾರಿಯ ಪ್ರಶ್ನೆ ಮತ್ತೆ ಎದ್ದಿತು. ಕಾಯಿಲೆ ಮಾತ್ರ ಸೊರಬದಲ್ಲೇ ನಿಲ್ಲಲಿಲ್ಲ. 2015-16ರ ಹೊತ್ತಿಗೆ ಗೋವಾದ ಸತ್ತರಿ ತಾಲ್ಲೂಕಿಗೆ, ಬೆಳಗಾವಿ ಜಿಲ್ಲೆಯ ಗೇರು ತೋಟದ ಕೂಲಿಗಳಿಗೆ ಬಂದು ಮುಟ್ಟಿತು. ನಮ್ಮ ಜಿಲ್ಲೆಯವರು ಇದನ್ನ ಮಲೆನಾಡಿನವರ ರೋಗ ಅಂತ ಪಕ್ಕಕ್ಕಿಡೋಕೆ ಬರೋದಿಲ್ಲ.

ಈಗ ಕಾಕಾನ ಮಗನ ಅನುಮಾನಕ್ಕೆ ಬರ್ತೀನಿ.

ವಿಶ್ವ ಆರೋಗ್ಯ ಸಂಸ್ಥೆಯ ದುಡ್ಡು ಸಾಲದಾದಾಗ ಯೋಜನೆಗೆ ಇನ್ನೊಂದು ಕಡೆಯಿಂದ ಹಣ ಬಂತು: ಅಮೆರಿಕದ ಸೈನ್ಯದಿಂದ. ಏಷ್ಯಾದ ಹತ್ತಾರು ಕಡೆ ಹಕ್ಕಿಗೆ ಬಳಿ ಹಾಕಿಸುವ, ರೋಗ ಹುಡುಕುವ ಒಂದು ದೊಡ್ಡ ಕಾರ್ಯಕ್ರಮ ಅವರದ್ದಿತ್ತು. ಬ್ಯಾಂಕಾಕಿನಿಂದ ಎಲಿಯಟ್ ಮೆಕ್ಲೂರ್ ಅನ್ನುವ ವಿಜ್ಞಾನಿ ನಡೆಸ್ತಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗೆ ಬಳಿ ಬಿತ್ತು. ವಿಯೆಟ್ನಾಂ ಯುದ್ಧದ ಕಾಲ ಅದು. ಹಕ್ಕಿ ಮೂಲಕ ರೋಗ ಎಲ್ಲೆಲ್ಲಿಗೆ ಹರಡಬಹುದು ಅಂತ ಒಂದು ಸೈನ್ಯಕ್ಕೆ ಯಾಕೆ ಗೊತ್ತಾಗಬೇಕು? ಈ ಪ್ರಶ್ನೆಯನ್ನ ಪತ್ರಿಕೆಯವರು ಕೇಳಿದರು. 1974-75ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಹಣದ ಸಂಶೋಧನೆಗಳನ್ನ ಕೆದಕಿತು. ಹಕ್ಕಿ ಬಳಿಯೂ ಆ ಪಟ್ಟಿಯಲ್ಲಿತ್ತು. ಜೈವಿಕ ಯುದ್ಧಕ್ಕೆ ತಯಾರಿ ನಡೆದಿದೆಯಾ ಅನ್ನುವ ಗುಮಾನಿ. ಆ ಗದ್ದಲದಲ್ಲೇ ದಿಲ್ಲಿಯ ಸೊಳ್ಳೆ ನಿಯಂತ್ರಣದ ಒಂದು ದೊಡ್ಡ ಯೋಜನೆ 1975ರಲ್ಲಿ ಮುಚ್ಚಿಹೋಯಿತು.

ಸಲೀಂ ಅಲಿಯವರಿಗೆ ಇದು ಬಹಳ ನೋವು ಕೊಟ್ಟಿತು. ತಮ್ಮ ಆತ್ಮಕಥೆಯಲ್ಲೂ ಈ ಯೋಜನೆಯ ಕಥೆ ಹೇಳಿಕೊಂಡಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಬಳಿ ಹಾಕಿದವರು ಪ್ರಾಮಾಣಿಕರು, ಪ್ರಶ್ನೆ ಕೇಳಿದವರೂ ಪ್ರಾಮಾಣಿಕರು. ದುಡ್ಡು ಎಲ್ಲಿಂದ ಬಂತು ಅಂತ ಕೇಳೋದು ತಪ್ಪಲ್ಲ. ತಪ್ಪಾದದ್ದು ಏನಂದರೆ, ಆ ಅನುಮಾನ ಕಡತದಿಂದ ಹಕ್ಕಿಯ ಕಾಲಿಗೆ ಇಳಿದದ್ದು.

ಇವತ್ತಿಗೂ ನೋಡಿ. ಮುಂಬಯಿಯಲ್ಲಿ ಕಾಲಲ್ಲಿ ಬಳಿ ಇದ್ದ ಒಂದು ಪಾರಿವಾಳವನ್ನ ಗೂಢಚಾರಿ ಅಂತ ಹಿಡಿದು ಎಂಟು ತಿಂಗಳು ಪಶು ಆಸ್ಪತ್ರೆಯಲ್ಲಿ ಇಟ್ಟಿದ್ದರು. ಅದು ತೈವಾನಿನ ರೇಸ್ ಪಾರಿವಾಳ, ದಾರಿ ತಪ್ಪಿ ಬಂದದ್ದು. 2024ರಲ್ಲಿ ಬಿಟ್ಟರು. 2025ರ ಡಿಸೆಂಬರ್‌ನಲ್ಲಿ ನಮ್ಮ ಕಾರವಾರದ ಕಡಲ ದಂಡೆಯಲ್ಲಿ ಬೆನ್ನಿಗೆ ಜಿಪಿಎಸ್ ಕಟ್ಟಿದ್ದ ಒಂದು ಕಡಲಹಕ್ಕಿ ಸಿಕ್ಕಿತು. ಯಂತ್ರದ ಮೇಲೆ ಚೀನಾದ ವಿಜ್ಞಾನ ಸಂಸ್ಥೆಯ ಹೆಸರು, ಸಂಪರ್ಕಿಸಿ ಅಂತ ಇಮೇಲ್ ವಿಳಾಸ. ಟಿವಿಯಲ್ಲಿ ಎರಡು ದಿನ ಅದೇ. ಕಾರವಾರದಲ್ಲಿ ನೌಕಾನೆಲೆ ಇದೆ, ಯೋಚನೆ ಮಾಡಬೇಕಾದದ್ದೇ, ಪರಿಶೀಲನೆಯೂ ಆಗಬೇಕು. ಆದರೆ ಆ ನೌಕಾನೆಲೆಯನ್ನ ಅಲ್ಲಿನ ಜನ ಕರೆಯುವುದೇ 'ಸೀಬರ್ಡ್' ಅಂತ. ಸೀಬರ್ಡಿಗೆ ಸೀಬರ್ಡ್ ಬಂತು ಅಂತ ಯಾರೂ ತಲೆಬರಹ ಕೊಡಲಿಲ್ಲವಲ್ಲ ಅಂತ ನನಗೆ ಸ್ವಲ್ಪ ಬೇಜಾರು. ಗೂಢಚಾರಿ ಕೆಲಸ ಮಾಡೋ ಯಾರೂ ಯಂತ್ರದ ಮೇಲೆ ತಮ್ಮ ಇಮೇಲ್ ಬರೆದು ಕಳಿಸೋದಿಲ್ಲ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಕಡಲಹಕ್ಕಿಗೆ ಬಳಿ ಹಾಕೋದರಲ್ಲಿ ಒಂದು ಬೇರೆ ತಾಪತ್ರಯ ಇದೆ. ಉಪ್ಪುನೀರು ಅಲ್ಯೂಮಿನಿಯಂ ತಿಂದುಬಿಡುತ್ತೆ, ಬಂಡೆಗೆ ತಿಕ್ಕಿ ತಿಕ್ಕಿ ನಂಬರು ಅಳಿಸುತ್ತೆ. ಈ ಹಕ್ಕಿಗಳೋ ದೀರ್ಘಾಯುಷಿಗಳು, ಬಳಿಗಿಂತ ಹೆಚ್ಚು ಬಾಳ್ತವೆ. ಹಾಗಾಗಿ ಅವಕ್ಕೆ ಸ್ಟೀಲಿನಂಥ ಗಟ್ಟಿ ಲೋಹ. ಇದಕ್ಕೆ ವಿಸ್ಡಮ್ ಅನ್ನುವ ಹೆಣ್ಣು ಆಲ್ಬಟ್ರಾಸ್‌ಗಿಂತ ಒಳ್ಳೆ ಸಾಕ್ಷಿ ಇಲ್ಲ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಚಾಂಡ್ಲರ್ ರಾಬಿನ್ಸ್ ಅನ್ನುವವರು ಅದಕ್ಕೆ ಬಳಿ ಹಾಕಿದರು. 2002ರಲ್ಲಿ ಅದೇ ರಾಬಿನ್ಸ್ ಅದೇ ದ್ವೀಪಕ್ಕೆ ಹೋಗಿ ಒಂದು ಹಕ್ಕಿ ಹಿಡಿದು, ಸವೆದ ಬಳಿಯ ನಂಬರನ್ನ ಹಳೇ ದಾಖಲೆಯಲ್ಲಿ ಹಿಂದೆ ಹಿಂದೆ ಹುಡುಕಿಕೊಂಡು ಹೋದರೆ, ಅದು ತಾನೇ 46 ವರ್ಷದ ಹಿಂದೆ ಬಳಿ ಹಾಕಿದ ಹಕ್ಕಿ! ನಡುವೆ ಬಳಿ ಸವೆದಾಗಲೆಲ್ಲ ಯಾರೋ ಒಬ್ಬರು ಹಳೇ ನಂಬರು ಬರೆದಿಟ್ಟು ಹೊಸದು ಹಾಕಿದ್ದರಿಂದ ಕೊಂಡಿ ಕಳಚಲಿಲ್ಲ. 2024ರ ಕೊನೆಯಲ್ಲಿ, ಸುಮಾರು 74ನೇ ವಯಸ್ಸಿನಲ್ಲಿ, ಅದು ಮತ್ತೊಂದು ಮೊಟ್ಟೆ ಇಟ್ಟಿತು. ಇನ್ನು ರೀವದ ಬಂಧು ಆರ್ಕ್ಟಿಕ್ ಟರ್ನ್: 1982ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಫಾರ್ನ್ ದ್ವೀಪದಲ್ಲಿ, ಇನ್ನೂ ಹಾರಲು ಬಾರದ ಮರಿ ಇದ್ದಾಗ ಬಳಿ ಹಾಕಿಸಿಕೊಂಡದ್ದು ಅದೇ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಮುಟ್ಟಿತ್ತು. 22,000 ಕಿಲೋಮೀಟರು.

ನಮ್ಮ ಸುತ್ತಲಿನ ಮಾತಿಗೆ ಬಂದರೆ, ಕಿತ್ತೂರು ಉತ್ಸವದ ಹೊತ್ತಿಗೆ ಚಳಿಗಾಲದ ಹಕ್ಕಿಗಳು ಬರೋಕೆ ಶುರು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಹಿಂಡು ಹಿಂಡಾಗಿ ಬರ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟಿಯ ಮಾನ್ಯತೆಯೂ ಸಿಕ್ಕಿತು. ಮಂಗೋಲಿಯಾದಲ್ಲಿ ಈ ಹೆಬ್ಬಾತುಗಳ ಕೊರಳಿಗೆ ಬಣ್ಣದ ಪಟ್ಟಿ ಹಾಕ್ತಾರೆ, ದಪ್ಪ ಅಕ್ಷರದಲ್ಲಿ ಸಂಕೇತ ಇರುತ್ತೆ. ಅಂಥ ಪಟ್ಟಿಯವನ್ನ ಮೈಸೂರು ಕಡೆಯ ಕೆರೆಗಳಲ್ಲಿ ಹಕ್ಕಿ ನೋಡುವವರು ಓದಿ ತಿಳಿಸಿದ್ದಾರೆ. ಹಿಮಾಲಯ ದಾಟಿ ಬಂದ ಹಕ್ಕಿ, ಕಡಲೆ ಹೊಲದಲ್ಲಿ ಮೇಯ್ತಾ ನಿಂತಿರುತ್ತೆ. ಅದನ್ನ ಮೊದಲು ನೋಡುವವನು ವಿಜ್ಞಾನಿ ಅಲ್ಲ, ಹೊಲದ ಯಜಮಾನ.

ಹಾಗಾದರೆ ನೋಡಿದವರು ಏನು ಮಾಡಬೇಕು? ಹಕ್ಕಿ ಜೀವಂತ ಇದ್ದರೆ ಹಿಡಿಯೋಕೆ ಹೋಗಬೇಡಿ. ಬಳಿಯನ್ನಂತೂ ಬಿಚ್ಚಲೇಬೇಡಿ. ದೂರದಿಂದಲೇ ಮೊಬೈಲಿನಲ್ಲಿ ನಾಲ್ಕೈದು ಫೋಟೋ ತೆಗೀರಿ. ಬಳಿ ಎಡಗಾಲಲ್ಲೋ ಬಲಗಾಲಲ್ಲೋ, ಕಾಲಿನ ಗೆಣ್ಣಿನ ಮೇಲೋ ಕೆಳಗೋ, ಬಣ್ಣದ ಬಳಿ ಇದ್ದರೆ ಮೇಲಿನಿಂದ ಕೆಳಕ್ಕೆ ಯಾವ ಬಣ್ಣ ಆದ ಮೇಲೆ ಯಾವುದು, ಇವೆಲ್ಲ ಬೇಕಾಗುತ್ತೆ. ನಂಬರಿನ ಒಂದು ಅಂಕಿ ಕಾಣದಿದ್ದರೆ ಊಹೆ ಮಾಡಿ ತುಂಬಬೇಡಿ, ಕಾಣಲಿಲ್ಲ ಅಂತಲೇ ಬರೀರಿ. ಊರು, ದಿನಾಂಕ ಸೇರಿಸಿ ಮುಂಬಯಿಯ ಬಿಎನ್‌ಎಚ್‌ಎಸ್‌ಗೆ ತಿಳಿಸಿ, ಅಥವಾ ಹತ್ತಿರದ ಅರಣ್ಯ ಇಲಾಖೆಯವರಿಗೆ ಹೇಳಿ. ಸತ್ತ ಹಕ್ಕಿಯಾದರೆ ಬರಿಗೈಲಿ ಮುಟ್ಟಬೇಡಿ, ಹಕ್ಕಿಜ್ವರದ ಕಾಲ ಇದು. ಪಾರಿವಾಳವಾದರೆ ಅದು ಸಾಮಾನ್ಯವಾಗಿ ಯಾರೋ ಸಾಕಿದ್ದು. ಅದರ ಬಳಿ ಮಾಲೀಕನದ್ದು, ಬೇರೇ ಲೆಕ್ಕ.

ಇನ್ನೊಂದು ಮಾತನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ನಾನೇ ಹೇಳ್ತೀನಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿ ಹೊಡೆಯೋದು ಅಪರಾಧ. ಆಗಲೇಬೇಕಿತ್ತು. ಆದರೆ ಬಲೆಯಲ್ಲಿ ಆಕಸ್ಮಾತ್ ಸಿಕ್ಕಿ ಸತ್ತ ಹಕ್ಕಿಯ ಬಳಿಯನ್ನೂ ಜನ ಹೊಳೆಗೆ ಎಸೀತಾರೆ, ಕೇಸು ಬಿದ್ದೀತು ಅಂತ. ಒಂದು ಕಡೆ ಕೇಸಿನ ಭಯ, ಇನ್ನೊಂದು ಕಡೆ ಗೂಢಚಾರಿ ಅನ್ನಿಸಿಕೊಳ್ಳುವ ಭಯ. ಯಾರೋ ಮಂಗೋಲಿಯಾದಲ್ಲಿ ಚಳಿಯಲ್ಲಿ ಕೂತು ಹಾಕಿದ ಬಳಿ ನಮ್ಮ ಮಲಪ್ರಭೆಯ ತಳದ ಕೆಸರು ಸೇರುತ್ತೆ. ಹಳ್ಳಿಗೆ ಬರುವ ಅರಣ್ಯ ಸಿಬ್ಬಂದಿ, ಬಳಿ ತಂದುಕೊಟ್ಟವನನ್ನ ಪ್ರಶ್ನೆ ಕೇಳೋ ಮೊದಲು ಒಂದು ಚಹಾ ಕುಡಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತೆ ಅನ್ನೋದು ನನ್ನ ಲೆಕ್ಕ.

ನಮ್ಮ ಕಾಕಾಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಬಳಿ ಮೇಲೆ ಏನು ಬರೆದಿತ್ತು, ನೆನಪಿದೆಯಾ ಅಂತ ಕೇಳಿದೆ. "ನಸುಕಿನ ಐದರ ಹೊತ್ತು ತಮ್ಮಾ, ಕತ್ತಲಿ ಇತ್ತು. ಅದು ನನ್ನ ಕೈ ಕಚ್ಚಾಕತ್ತಿತ್ತು. ಫೋನು ಮನ್ಯಾಗ ಚಾರ್ಜಿಗೆ ಹಾಕಿದ್ದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಸಿಕ್ಕರ, ನಂಬರ್ ಕಂಡಷ್ಟು ತೆಪ್ಪದ ಅಂಚಿನ ಮ್ಯಾಲ ಮೊಳೀಲೆ ಗೀಚಿ ಇಡ್ತೀನಿ. ನಡೀತದಲ್ಲ?" ಅಂತ ಕೇಳಿದರು.

ನಡೀತದ ಕಾಕಾ. ದಿನಾಂಕವನ್ನೂ ಗೀಚಿಡ್ರಿ.